ಹಳೇ ಹಾರ್ಡ್ ಡಿಸ್ಕ್ ಎಸೆಯುವ ಮುಂಚೆ ಡಾಕ್‌ಗೆ ಹಾಕಿ ನೋಡಿ

ಸಂಪಾದಕರಿಗೆ,

ನಿಮ್ಮ ತಂತ್ರಜ್ಞಾನ ಪುಟವನ್ನು ತಪ್ಪದೆ ಓದುತ್ತೇನೆ. ಯಾವ ಫೋನ್ ಕೊಳ್ಳಬೇಕು, ಯಾವ ಲ್ಯಾಪ್‌ಟಾಪ್ ಒಳ್ಳೆಯದು ಅನ್ನುವುದೆಲ್ಲ ಅಲ್ಲಿ ಬೇಕಾದಷ್ಟು ಸಿಗುತ್ತದೆ. ಹೊಸದು ಬಂದ ಮೇಲೆ ಹಳೇ ಕಂಪ್ಯೂಟರ್ ಒಳಗೆ ಉಳಿದುಹೋದ ಫೋಟೋ, ಕಾಗದಪತ್ರಗಳನ್ನು ಏನು ಮಾಡಬೇಕು ಅನ್ನುವುದು ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಜಾಗ ಕೊಡಿ.

ನಾನು ಕಂಪ್ಯೂಟರ್ ರಿಪೇರಿ ಮಾಡುವವಳು. "ಕಂಪ್ಯೂಟರ್ ಸತ್ತುಹೋಯ್ತು, ಫೋಟೋನೂ ಎಲ್ಲಾ ಹೋಯ್ತು" ಎಂದು ಮುಖ ಸಣ್ಣ ಮಾಡಿಕೊಂಡು ಬರುವವರನ್ನು ದಿನಾ ನೋಡುತ್ತೇನೆ. ಮೊದಲನೇ ಮಾತು ನಿಜ ಇರುತ್ತದೆ. ಎರಡನೆಯದು ಎಷ್ಟೋ ಸಲ ನಿಜ ಅಲ್ಲ. ಮದರ್‌ಬೋರ್ಡ್ ಹೋಗಿರುತ್ತದೆ, ಪವರ್ ಸಪ್ಲೈ ಸುಟ್ಟಿರುತ್ತದೆ, ಇಲ್ಲವೇ ಲ್ಯಾಪ್‌ಟಾಪ್‌ನ ಪರದೆ ಒಡೆದಿರುತ್ತದೆ. ಹಾರ್ಡ್ ಡಿಸ್ಕ್‌ಗೆ ಏನೂ ಆಗಿರುವುದಿಲ್ಲ. ಅದನ್ನು ಬಿಚ್ಚಿ ಇನ್ನೊಂದು ಕಂಪ್ಯೂಟರ್‌ಗೆ ತೋರಿಸಿದರೆ ಒಳಗಿರುವುದೆಲ್ಲ ಇದ್ದ ಹಾಗೇ ಸಿಗುತ್ತದೆ.

ಹಾಗೆ ತೋರಿಸುವುದಕ್ಕೆ ಇರುವ ಸಾಧನವೇ ಹಾರ್ಡ್ ಡಿಸ್ಕ್ ಡಾಕಿಂಗ್ ಸ್ಟೇಷನ್. ನಾವು ಡಾಕ್ ಅಂತೀವಿ. ಅಂಗೈ ಅಗಲದ ಪೆಟ್ಟಿಗೆ, ಮೇಲ್ಗಡೆ ಒಂದೋ ಎರಡೋ ಉದ್ದನೆಯ ಬಾಯಿ. ಬಾಯಿಗೆ ಸ್ಪ್ರಿಂಗ್ ಇರುವ ಮುಚ್ಚಳ. ಡಿಸ್ಕನ್ನು ಅಂಚಿನಲ್ಲಿ ಹಿಡಿದು, ಪಿನ್ ಇರುವ ಕಡೆ ಕೆಳಗೆ ಮಾಡಿ, ನೇರವಾಗಿ ಒಳಗೆ ಇಳಿಸಬೇಕು. ತಳ ಮುಟ್ಟಿದಾಗ ಪಿನ್ ಕೂತಿದ್ದು ಕೈಗೇ ಗೊತ್ತಾಗುತ್ತದೆ. ಕೂರದಿದ್ದರೆ ಒತ್ತಬೇಡಿ, ತಿರುಗಿಸಿ ನೋಡಿ. ಆಮೇಲೆ ಡಾಕ್‌ನ ಯುಎಸ್‌ಬಿ ವೈರನ್ನು ಕಂಪ್ಯೂಟರ್‌ಗೆ ಚುಚ್ಚಿ ಸ್ವಿಚ್ ಹಾಕಿ. ಡಿಸ್ಕ್ ಸಣ್ಣಗೆ ಗುಂಯ್‌ಗುಡುತ್ತಾ ವೇಗ ಹಿಡಿಯುತ್ತದೆ, ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಹೊಸ ಡ್ರೈವ್ ಕಾಣಿಸುತ್ತದೆ. ಇದಕ್ಕೆ ನನ್ನಂಥವಳು ಬೇಕಿಲ್ಲ. ಮನೆಯಲ್ಲೇ ಯಾರು ಬೇಕಾದರೂ ಮಾಡಬಹುದು.

ಮಾಡಲೇಬೇಕು ಅನ್ನುವುದಕ್ಕೆ ನನ್ನ ದೊಡ್ಡ ಕಾರಣ ಬೇರೆಯೇ ಇದೆ. ಡಿಸ್ಕ್ ಕೈಗೆ ಕೊಟ್ಟವರು ಮನೆಯ ಗುಟ್ಟನ್ನೆಲ್ಲ ಕೊಟ್ಟಿರುತ್ತಾರೆ. ಬ್ಯಾಂಕ್ ಕಾಗದ, ಆಸ್ಪತ್ರೆ ವರದಿ, ಮಕ್ಕಳ ಫೋಟೋ, ಗಂಡ ಹೆಂಡತಿ ಬರೆದುಕೊಂಡ ಮೇಲ್, ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್. ನಾನು ಅದ್ಯಾವುದನ್ನೂ ತೆರೆದು ನೋಡುವುದಿಲ್ಲ. ಆದರೆ ಕೊಡುವವರಿಗೆ ಅದು ಹೇಗೆ ಗೊತ್ತಾಗಬೇಕು? ಬರೀ ಫೈಲ್ ನಕಲು ಮಾಡುವ ಕೆಲಸಕ್ಕೆ ಇಷ್ಟನ್ನೆಲ್ಲ ಗುರುತಿಲ್ಲದವರ ಮುಂದೆ ಇಡುವ ಅಗತ್ಯ ಏನಿದೆ? ನನಗೆ ಬರುವ ಕೆಲಸ ಕಡಿಮೆಯಾದರೂ ಪರವಾಗಿಲ್ಲ, ಇದನ್ನು ಎಲ್ಲರೂ ಕಲಿಯಬೇಕು.

ಮೊದಲು ನಿಮ್ಮ ಡಿಸ್ಕ್ ಯಾವ ಜಾತಿಯದು ನೋಡಿಕೊಳ್ಳಿ. ಡೆಸ್ಕ್‌ಟಾಪ್‌ನದು 3.5 ಇಂಚಿನದು, ಲ್ಯಾಪ್‌ಟಾಪ್‌ನದು 2.5 ಇಂಚಿನದು. ಸಾಮಾನ್ಯ ಡಾಕ್‌ನಲ್ಲಿ ಎರಡೂ ಕೂರುತ್ತವೆ. ಎರಡಕ್ಕೂ ಸಾಟಾ ಎನ್ನುವ ಜೋಡಣೆಯ ಪಿನ್ ಇರಬೇಕು, ಅಷ್ಟೆ. ಸಾಟಾ ಬಂದದ್ದು 2003ರಲ್ಲಿ. ಅದಕ್ಕೂ ಹಳೆಯ ಡಿಸ್ಕ್ ಆಗಿದ್ದರೆ ಎರಡು ಸಾಲಿನಲ್ಲಿ ಸೂಜಿಯಂಥ ಪಿನ್‌ಗಳು ಕಾಣುತ್ತವೆ. ಅದು ಐಡಿಇ. ಅದಕ್ಕೆ ಬೇರೆ ಅಡಾಪ್ಟರ್ ಬೇಕು. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಬರುವ, ಚ್ಯೂಯಿಂಗ್ ಗಮ್ ಪಟ್ಟಿಯಷ್ಟು ತೆಳ್ಳಗಿನ ಎಂ.2 ಎಸ್‌ಎಸ್‌ಡಿಗೂ (ಒಳಗೆ ತಿರುಗುವ ತಟ್ಟೆ ಇಲ್ಲದ ಡಿಸ್ಕ್) ಈ ಡಾಕ್ ಆಗುವುದಿಲ್ಲ.

ಕೊಳ್ಳುವಾಗ ಯುಎಸ್‌ಬಿ 3.0 ಇರುವುದನ್ನೇ ತೆಗೆದುಕೊಳ್ಳಿ. ಹಳೇ ಯುಎಸ್‌ಬಿ 2.0ದಲ್ಲಿ ಸೆಕೆಂಡಿಗೆ ಸುಮಾರು 35 ಎಂಬಿ ದಾಟುವುದೇ ಕಷ್ಟ. ಒಂದು ಟಿಬಿ ನಕಲು ಮಾಡಲು ಎಂಟು ಗಂಟೆ ಬೇಕಾಗುತ್ತದೆ. 3.0 ಆದರೆ ಡಿಸ್ಕ್ ಎಷ್ಟು ವೇಗದಲ್ಲಿ ಕೊಡುತ್ತದೋ ಅಷ್ಟೂ ಬರುತ್ತದೆ, ಎರಡು ಮೂರು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಕಂಪ್ಯೂಟರ್ ಕಡೆಯ ಕಿಂಡಿಯೂ 3.0 ಆಗಿರಬೇಕು. ಒಳಗೆ ನೀಲಿ ಬಣ್ಣ ಇದ್ದರೆ ಸಾಮಾನ್ಯವಾಗಿ ಅದೇ. ಇನ್ನೊಂದು ವಿಷಯ, 2 ಟಿಬಿಗಿಂತ ದೊಡ್ಡ ಡಿಸ್ಕನ್ನು ಕೆಲವು ಹಳೇ ಡಾಕ್‌ಗಳು ಪೂರ್ತಿ ಗುರುತಿಸುವುದಿಲ್ಲ. ಪೆಟ್ಟಿಗೆ ಮೇಲೆ ಓದಿ ನೋಡಿ.

ಈಗ ಜನ ಎಲ್ಲಿ ಎಡವುತ್ತಾರೆ ಅನ್ನುವುದಕ್ಕೆ ಬರುತ್ತೇನೆ. ಈ ಪತ್ರ ಬರೆಯಲು ಕೂತದ್ದೇ ಇದಕ್ಕಾಗಿ.

ಡಿಸ್ಕ್ ಹಾಕಿದ ಕೂಡಲೇ ಕೆಲವು ಸಲ ವಿಂಡೋಸ್ ಒಂದು ಸಣ್ಣ ಕಿಟಕಿ ತೆರೆದು ಕೇಳುತ್ತದೆ: ಈ ಡಿಸ್ಕ್ ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ? ದಯವಿಟ್ಟು ಒಪ್ಪಬೇಡಿ. ಕ್ಯಾನ್ಸಲ್ ಒತ್ತಿ. ಡಿಸ್ಕ್ ಖಾಲಿ ಇದೆ ಎಂದು ಅದರ ಅರ್ಥ ಅಲ್ಲ. ಅದರಲ್ಲಿ ಬರೆದಿರುವ ರೀತಿ ಈ ಕಂಪ್ಯೂಟರ್‌ಗೆ ಅರ್ಥ ಆಗುತ್ತಿಲ್ಲ, ಅಷ್ಟೆ. ಮ್ಯಾಕ್‌ನಿಂದ ತೆಗೆದ ಡಿಸ್ಕ್, ಲಿನಕ್ಸ್ ಇದ್ದ ಡಿಸ್ಕ್, ಸಿಸಿಟಿವಿ ರೆಕಾರ್ಡರ್‌ನಿಂದ ತೆಗೆದದ್ದು, ಇವೆಲ್ಲ ವಿಂಡೋಸ್‌ನಲ್ಲಿ ಹೀಗೇ ಕಾಣುತ್ತವೆ. ಮ್ಯಾಕ್‌ನ ಡಿಸ್ಕನ್ನು ಮ್ಯಾಕ್‌ಗೇ ಜೋಡಿಸಿದರೆ ಎಲ್ಲಾ ತೆರೆದುಕೊಳ್ಳುತ್ತದೆ. ಆ ಕಿಟಕಿಗೆ ಹೂಂ ಅಂದು, ವರ್ಷಗಟ್ಟಲೆಯ ಫೋಟೋ ಕಳೆದುಕೊಂಡು ನನ್ನ ಮುಂದೆ ಕೂತು ಅತ್ತವರಿದ್ದಾರೆ. ಅವರನ್ನು ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ. ಕೇಳುವ ಮಾತನ್ನೇ ಬೇರೆ ಥರ ಕೇಳಿದ್ದರೆ ಆಗುತ್ತಿತ್ತು ಅಲ್ವಾ? "ಒಳಗೆ ಏನಾದರೂ ಇದ್ದರೆ ಅಳಿಸಿಹೋಗುತ್ತದೆ" ಎಂದು ಮೊದಲ ಸಾಲಿನಲ್ಲೇ ದಪ್ಪಕ್ಷರದಲ್ಲಿ ಬರಬೇಕಿತ್ತು.

ಇನ್ನು ಕೆಲವರಿಗೆ ಡಿಸ್ಕ್ ಸರಿಯಾಗಿಯೇ ತೆರೆಯುತ್ತದೆ. ಒಳಗೆ ವಿಂಡೋಸ್, ಪ್ರೋಗ್ರಾಂ ಫೈಲ್ಸ್ ಅಂತ ನಾಲ್ಕು ಫೋಲ್ಡರ್ ಕಾಣುತ್ತವೆ. "ನನ್ನದು ಏನೂ ಇಲ್ಲ" ಎಂದು ಮುಚ್ಚಿಬಿಡುತ್ತಾರೆ. ಅಲ್ಲೇ ಯೂಸರ್ಸ್ ಅನ್ನುವ ಫೋಲ್ಡರ್ ಇರುತ್ತದೆ. ಅದರೊಳಗೆ ನಿಮ್ಮ ಹೆಸರಿನದು, ಅದರೊಳಗೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್. ಹಳೇ ಪರದೆಯ ಮೇಲೆ ಹರಡಿಕೊಂಡಿದ್ದ ಫೈಲ್‌ಗಳೆಲ್ಲ ಇರುವುದು ಇಲ್ಲೇ. ತೆರೆಯಲು ಹೋದಾಗ ನಿಮಗೆ ಅನುಮತಿ ಇಲ್ಲ ಎಂದು ಬರಬಹುದು. ಕಂಟಿನ್ಯೂ ಒತ್ತಿ ಕಾಯಿರಿ. ಫೋಲ್ಡರ್ ದೊಡ್ಡದಿದ್ದರೆ ಹಸಿರು ಪಟ್ಟಿ ನಿಧಾನಕ್ಕೆ ತೆವಳುತ್ತದೆ, ಮಧ್ಯೆ ನಿಲ್ಲಿಸಬೇಡಿ. ಬಿಟ್‌ಲಾಕರ್ ಎನ್ನುವ ವಿಂಡೋಸ್‌ನ ಬೀಗ ಹಾಕಿದ್ದ ಡಿಸ್ಕ್ ಆದರೆ ಪಾಸ್‌ವರ್ಡ್ ಅಥವಾ 48 ಅಂಕಿಯ ಕೀಲಿ ಕೇಳುತ್ತದೆ. ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರಬಹುದು, ಹುಡುಕಿ ನೋಡಿ. ಅದಿಲ್ಲದೆ ತೆರೆಯಲು ನನ್ನ ಕೈಲೂ ಆಗುವುದಿಲ್ಲ.

ಡಿಸ್ಕ್ ಟಕ್ ಟಕ್ ಎಂದು ಒಂದೇ ಸಮ ಬಡಿದುಕೊಳ್ಳುತ್ತಿದ್ದರೆ ತಕ್ಷಣ ಸ್ವಿಚ್ ತೆಗೆಯಿರಿ. ಇನ್ನೊಮ್ಮೆ ನೋಡೋಣ, ಮತ್ತೊಮ್ಮೆ ನೋಡೋಣ ಎಂದು ಹಾಕುತ್ತಾ ಹೋದರೆ ಇದ್ದದ್ದೂ ಹೋಗುತ್ತದೆ. ತಿರುಗುವ ತಟ್ಟೆಗೂ ಅದನ್ನು ಓದುವ ಹೆಡ್‌ಗೂ ನಡುವಿನ ಜಾಗ ಕೆಲವೇ ನ್ಯಾನೋಮೀಟರ್. ನಮ್ಮ ಕೂದಲಿನ ದಪ್ಪ ಅದಕ್ಕಿಂತ ಸಾವಿರಾರು ಪಟ್ಟು ಜಾಸ್ತಿ. ಹೆಡ್ ಕೆಟ್ಟಿದ್ದರೆ ಪ್ರತಿ ಸುತ್ತಿಗೂ ತಟ್ಟೆ ಗೀಚಿಹೋಗಬಹುದು. ಅಂಥದ್ದನ್ನು ಡೇಟಾ ರಿಕವರಿ ಮಾಡುವವರ ಹತ್ತಿರವೇ ಒಯ್ಯಬೇಕು. ಫ್ರಿಜ್‌ನಲ್ಲಿ ಇಟ್ಟು ತೆಗೆದರೆ ಸರಿಹೋಗುತ್ತದೆ ಎನ್ನುವ ಮಾತು ಈಗಲೂ ಓಡಾಡುತ್ತಿದೆ. ನಂಬಬೇಡಿ, ಒಳಗೆ ತೇವ ಕಟ್ಟುತ್ತದೆ.

ಹೆಡ್‌ಗೂ ತಟ್ಟೆಗೂ ನಡುವೆ ಅಷ್ಟು ಕಡಿಮೆ ಜಾಗ ಇರುವುದರಿಂದಲೇ ಡಿಸ್ಕ್ ತಿರುಗುತ್ತಿರುವಾಗ ಡಾಕನ್ನು ಸರಿಸಬಾರದು. ಕೆಲಸ ಮುಗಿದ ಮೇಲೆ ಮೊದಲು ಪರದೆಯಲ್ಲಿ ಇಜೆಕ್ಟ್ ಕೊಡಿ. ಆಮೇಲೆ ಸ್ವಿಚ್ ತೆಗೆಯಿರಿ. ಆಮೇಲೂ ತಟ್ಟೆ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ. ಡಿಸ್ಕ್ ಮೇಲೆ ಬೆರಳಿಟ್ಟರೆ ಸಣ್ಣ ನಡುಕ ಗೊತ್ತಾಗುತ್ತದೆ. ಆ ನಡುಕ ಪೂರ್ತಿ ನಿಂತ ಮೇಲೇ ಎತ್ತಿ. ಮೇಜಿನ ಅಂಚಿನಲ್ಲಿ, ಕಾಲಿಗೆ ವೈರ್ ಸಿಕ್ಕುವ ಕಡೆ, ಮಗುವಿನ ಕೈಗೆಟಕುವ ಕಡೆ ಡಾಕ್ ಇಡಲೇಬೇಡಿ. ನಿಂತಿರುವ ಡಿಸ್ಕ್ ಒಮ್ಮೆ ತಳ್ಳಿದರೆ ಬಿದ್ದುಹೋಗುತ್ತದೆ.

ಎರಡು ಬಾಯಿಯ ಡಾಕ್‌ಗಳಲ್ಲಿ ಎಷ್ಟೋ ಕಡೆ ಕ್ಲೋನ್ ಬಟನ್ ಇರುತ್ತದೆ. ಕಂಪ್ಯೂಟರ್ ಇಲ್ಲದೆಯೇ ಒಂದು ಡಿಸ್ಕನ್ನು ಇನ್ನೊಂದಕ್ಕೆ ಪೂರ್ತಿ ನಕಲು ಮಾಡುತ್ತದೆ. ಬಹಳ ಒಳ್ಳೆಯ ಸೌಲಭ್ಯ. ಆದರೆ ಅದು ಯಾವ ಡಿಸ್ಕ್ ಯಾವುದು ಎಂದು ಕೇಳುವುದಿಲ್ಲ. ಮೂಲದ ಬಾಯಿಯಲ್ಲಿ ಇರುವುದನ್ನು ಗುರಿಯ ಬಾಯಿಯಲ್ಲಿ ಇರುವುದರ ಮೇಲೆ ಬರೆದುಬಿಡುತ್ತದೆ. ಅದಲುಬದಲಾದರೆ ಖಾಲಿ ಡಿಸ್ಕ್ ನಿಮ್ಮ ತುಂಬಿದ ಡಿಸ್ಕ್ ಮೇಲೆ ಬಂದು ಕೂರುತ್ತದೆ. ಕೆಲವು ಡಾಕ್‌ಗಳಲ್ಲಿ ಮೂಲ ಯಾವುದು, ಗುರಿ ಯಾವುದು ಎಂಬುದನ್ನು ಕಪ್ಪು ಪ್ಲಾಸ್ಟಿಕ್ ಮೇಲೆ ಕಪ್ಪು ಅಕ್ಷರದಲ್ಲೇ ಒತ್ತಿರುತ್ತಾರೆ, ಟಾರ್ಚ್ ಹಾಕಿದರೂ ಕಾಣುವುದಿಲ್ಲ. ತಯಾರಕರು ಇದನ್ನು ಸರಿಮಾಡಬೇಕು. ನನ್ನ ಡಾಕ್‌ನ ಮೂಲದ ಬಾಯಿಗೆ ನಾನೇ ಕೆಂಪು ಟೇಪ್ ಅಂಟಿಸಿಕೊಂಡಿದ್ದೇನೆ, ಮೂಲದ ಡಿಸ್ಕ್‌ಗೂ ಅದೇ ಕೆಂಪು. ಕೆಂಪು ಡಿಸ್ಕ್ ಕೆಂಪು ಬಾಯಿಯಲ್ಲೇ ಕೂರದೆ ಬಟನ್ ಮುಟ್ಟುವುದಿಲ್ಲ. ಕೆಟ್ಟ ಸೆಕ್ಟರ್ (ಸೆಕ್ಟರ್ ಅಂದರೆ ಡಿಸ್ಕ್‌ನಲ್ಲಿ ಬರೆಯುವ ಪುಟ್ಟ ಪುಟ್ಟ ಜಾಗ) ಇರುವ ಡಿಸ್ಕ್‌ಗೆ ಮಾತ್ರ ಈ ಬಟನ್ ಬಳಸಬೇಡಿ, ಅರ್ಧಕ್ಕೇ ನಿಂತುಬಿಡಬಹುದು.

ಅಡಾಪ್ಟರ್ ಬಗ್ಗೆಯೂ ಹೇಳಲೇಬೇಕು. 2.5 ಇಂಚಿನ ಡಿಸ್ಕ್‌ಗೆ 5 ವೋಲ್ಟ್ ಸಾಕು. 3.5 ಇಂಚಿನದಕ್ಕೆ 12 ವೋಲ್ಟ್ ಕೂಡ ಬೇಕು. ಹಾಗಾಗಿ ಡಾಕ್‌ಗೆ ಅದರದೇ 12 ವೋಲ್ಟ್ ಅಡಾಪ್ಟರ್ ಬರುತ್ತದೆ. ಮಾನಿಟರ್‌ನದೋ ಲ್ಯಾಪ್‌ಟಾಪ್‌ನದೋ 19 ವೋಲ್ಟ್ ಅಡಾಪ್ಟರ್‌ನ ತುದಿ ಇದಕ್ಕೂ ಹಿಡಿಸಿಬಿಡಬಹುದು. ಅದನ್ನು ಹಾಕಿದರೆ ಡಾಕ್ ಜೊತೆ ಡಿಸ್ಕ್ ಕೂಡ ಸುಡಬಹುದು. ತಂದ ದಿನವೇ ಅಡಾಪ್ಟರ್ ಮೇಲೆ "ಡಾಕ್" ಎಂದು ಬರೆದುಬಿಡಿ.

ಫೈಲ್ ತೆಗೆದುಕೊಂಡಾದ ಮೇಲೆ ಹಳೇ ಡಿಸ್ಕನ್ನು ಬ್ಯಾಕಪ್‌ಗೆ ಬಳಸಬಹುದು. ಬಳಸುವ ಮುಂಚೆ ಅದರ ಆರೋಗ್ಯ ನೋಡಿ. ಕ್ರಿಸ್ಟಲ್‌ಡಿಸ್ಕ್‌ಇನ್‌ಫೋ ಎಂಬ ಉಚಿತ ತಂತ್ರಾಂಶ ಇದೆ. ರೀಅಲೊಕೇಟೆಡ್ ಸೆಕ್ಟರ್, ಪೆಂಡಿಂಗ್ ಸೆಕ್ಟರ್ ಎನ್ನುವ ಸಾಲುಗಳ ರಾ ವ್ಯಾಲ್ಯೂ ಕಾಲಂನಲ್ಲಿ ಸೊನ್ನೆ ಇಲ್ಲದಿದ್ದರೆ ಆ ಡಿಸ್ಕನ್ನು ನಂಬಬೇಡಿ. ಚೆನ್ನಾಗಿರುವ ಎರಡು ಇದ್ದರೆ ಸರದಿಯ ಮೇಲೆ ಬಳಸಿ. ಒಂದು ಮನೆಯಲ್ಲಿರಲಿ, ಇನ್ನೊಂದು ನೆಂಟರ ಮನೆಯಲ್ಲೋ ಬೇರೆ ಎಲ್ಲೋ ಇರಲಿ. ಡಾಕ್‌ನಲ್ಲೇ ಸದಾ ಬಿಟ್ಟರೆ ಅದು ಬ್ಯಾಕಪ್ ಅಲ್ಲ. ವೈರಸ್ ಬಂದರೆ, ಸಿಡಿಲು ಹೊಡೆದರೆ ಕಂಪ್ಯೂಟರ್, ಡಿಸ್ಕ್ ಎರಡೂ ಒಟ್ಟಿಗೇ ಹೋಗುತ್ತವೆ. ಬಹಳಷ್ಟು ಡಾಕ್‌ಗಳಲ್ಲಿ ಫ್ಯಾನ್ ಇಲ್ಲ, ಗಂಟೆಗಟ್ಟಲೆ ಓಡಿದರೆ ಡಿಸ್ಕ್ ಬಿಸಿಯಾಗುತ್ತದೆ. ತೆಗೆದದ್ದನ್ನು ಆಂಟಿಸ್ಟ್ಯಾಟಿಕ್ ಕವರ್‌ಗೆ ಹಾಕಿ, ಮೇಲೆ ತಾರೀಕು ಮತ್ತು ಒಳಗೇನಿದೆ ಎಂಬುದನ್ನು ಬರೆದು, ತೇವ ಇಲ್ಲದ ಕಡೆ ಇಡಿ. ಕೆಲವು ಡಾಕ್‌ಗಳಲ್ಲಿ ಫಾರ್ಮ್ಯಾಟ್ ಮಾಡಿದ ಡಿಸ್ಕನ್ನು ನೇರ ಕಂಪ್ಯೂಟರ್ ಒಳಗೆ ಜೋಡಿಸಿದರೆ ಖಾಲಿ ಇದ್ದಂತೆ ಕಾಣುತ್ತದೆ, ಸೆಕ್ಟರ್ ಲೆಕ್ಕ ಬೇರೆ ಇರುವುದರಿಂದ. ಗಾಬರಿಯಾಗಬೇಡಿ, ಮತ್ತೆ ಅದೇ ಡಾಕ್‌ಗೆ ಹಾಕಿ.

ಬೇಡವೇ ಬೇಡ ಎಂದು ಯಾರಿಗಾದರೂ ಕೊಡುವುದಾದರೆ ಬರೀ ಡಿಲೀಟ್ ಸಾಲದು, ಕ್ವಿಕ್ ಫಾರ್ಮ್ಯಾಟೂ ಸಾಲದು. ಅವು ಹೆಸರಿನ ಪಟ್ಟಿಯನ್ನು ಅಳಿಸುತ್ತವೆ, ಒಳಗಿನದನ್ನಲ್ಲ. ಡಾಕ್‌ನಲ್ಲಿ ಹಾಕಿ ಫುಲ್ ಫಾರ್ಮ್ಯಾಟ್ ಕೊಡಿ. ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಹಾಕಿದರೆ ಬೆಳಗ್ಗೆ ತೆಗೆಯಬಹುದು. ತಿರುಗುವ ಡಿಸ್ಕ್‌ಗೆ ಇಷ್ಟು ಸಾಕು. ಎಸ್‌ಎಸ್‌ಡಿ ಆದರೆ ಅದರ ತಯಾರಕರು ಕೊಡುವ ಸೆಕ್ಯೂರ್ ಇರೇಸ್ ಬಳಸಬೇಕು.

ಸಂಪಾದಕರೇ, ಮಾರ್ಚ್ 31 ವಿಶ್ವ ಬ್ಯಾಕಪ್ ದಿನ. ಆ ವಾರದ ತಂತ್ರಜ್ಞಾನ ಪುಟದಲ್ಲಿ ಅರ್ಧ ಪುಟವನ್ನು ಇದಕ್ಕೆ ಕೊಡಿ. ಡಾಕ್‌ಗೆ ಡಿಸ್ಕ್ ಹಾಕುವ ರೀತಿಯ ಒಂದು ಚಿತ್ರ, ಯೂಸರ್ಸ್ ಫೋಲ್ಡರ್ ಎಲ್ಲಿದೆ ಎಂದು ಬಾಣ ಹಾಕಿದ ಇನ್ನೊಂದು ಚಿತ್ರ ಇರಲಿ. ಫಾರ್ಮ್ಯಾಟ್ ಕೇಳುವ ಆ ಕಿಟಕಿಯ ಚಿತ್ರವನ್ನು ಎಲ್ಲಕ್ಕಿಂತ ದೊಡ್ಡದಾಗಿ ಹಾಕಿ, ಪಕ್ಕದಲ್ಲಿ "ಕ್ಯಾನ್ಸಲ್ ಒತ್ತಿ" ಎಂದು ಬರೆಯಿರಿ.

ಇಂತಿ,
ಕಂಪ್ಯೂಟರ್ ರಿಪೇರಿ ಮಾಡುವ ನಿಮ್ಮ ಓದುಗಾರ್ತಿ