ಅಪ್ಪನ ವರ್ಷಾಬ್ದಿಕದ ಸಂಜೆ ಹಾಡೋಕೆ ಬಂದೋರಿಗೆಲ್ಲ ಥ್ಯಾಂಕ್ಸ್

ಅಪ್ಪ ಹೋಗಿ ಮೊನ್ನೆಗೆ ಒಂದು ವರ್ಷ ಆಯ್ತು. ಕಾರ್ಯ ಎಲ್ಲ ಮುಗಿದ ಮೇಲೆ ಭಾನುವಾರ ಸಂಜೆ ಹನುಮಂತನಗರದ ಮನೆಗೆ ಬನ್ನಿ, ಅಪ್ಪಂಗೆ ಇಷ್ಟ ಇದ್ದ ಹಾಡು ಒಂದಷ್ಟು ಹೇಳೋಣ ಅಂತ ಕರೆದಿದ್ದೆ. ಹಾಲ್ ತುಂಬಿ ಮೆಟ್ಟಿಲ ಮೇಲೆಲ್ಲ ಕೂತ್ಕೊಂಡ್ರಿ. ಅವತ್ತು ನಂಗೆ ಗಂಟಲು ಕಟ್ಟಿ ಯಾರನ್ನೂ ನೆಟ್ಟಗೆ ಮಾತಾಡ್ಸೋಕೆ ಆಗ್ಲಿಲ್ಲ, ಅದಕ್ಕೇ ಈಗ ಬರೀತಿದೀನಿ.

ಅಪ್ಪ ಹಾಡುಗಾರರೇನಲ್ಲ, ಜಾಲಹಳ್ಳಿ ಕಡೆ ಫ್ಯಾಕ್ಟರೀಲಿ ಶಿಫ್ಟ್ ಕೆಲಸ. 1978ರಲ್ಲಿ ನಿಸಾರ್ ಅಹಮದ್ ಅವರ 'ನಿತ್ಯೋತ್ಸವ' ಕ್ಯಾಸೆಟ್ ಬಂದಾಗ ಮನೇಲಿ ಟೇಪ್ ರೆಕಾರ್ಡರೇ ಇರ್ಲಿಲ್ವಂತೆ, ಆದ್ರೂ ಕ್ಯಾಸೆಟ್ ತಂದು ಪಕ್ಕದ್ಮನೇಲಿ ಹಾಕಿಸ್ಕೊಂಡು ಕೇಳ್ತಿದ್ರಂತೆ, ಅಮ್ಮ ಈಗ್ಲೂ ಹೇಳ್ತಾರೆ. ಆಮೇಲೆ ಸಂಬಳದ ವಾರ ಖಾಲಿ ಕ್ಯಾಸೆಟ್ ತಗೊಂಡು, ರೆಕಾರ್ಡಿಂಗ್ ಅಂಗಡೀಲಿ ಚೀಟಿ ಕೊಟ್ಟು ತುಂಬಿಸ್ಕೊಂಡು ಬರೋರು, ಒಂದು ಸೈಡು ರಾಜರತ್ನಂ ಅವರ ಮಕ್ಕಳ ಪದ್ಯ, ಇನ್ನೊಂದು ಸೈಡು ದಾಸರ ಪದ, ಭಾವಗೀತೆ. "ಅಜ್ಜೀನೂ ಮೊಮ್ಮಗೂನೂ ಒಟ್ಟಿಗೆ ಕೂತು ಕೇಳೋ ಹಾಗಿರ್ಬೇಕು ಕಣಮ್ಮ, ಯಾರೂ ಎದ್ದು ಹೋಗ್ಬಾರ್ದು" ಅನ್ನೋರು. ನನ್ನ ಮಕ್ಕಳಿಗೆ ಹಾಡು ಹಾಕುವಾಗ ನಾನೂ ಇದನ್ನೇ ನೋಡೋದು.

ರಾಮನವಮಿ ಬಂತು ಅಂದ್ರೆ ಚಾಮರಾಜಪೇಟೆ ಫೋರ್ಟ್ ಹೈಸ್ಕೂಲ್ ಮೈದಾನ. ರಾಮಸೇವಾ ಮಂಡಳಿ 1939ರಿಂದ ನಡೆಸ್ಕೊಂಡು ಬಂದಿರೋ ಸಂಗೀತೋತ್ಸವ ಅಲ್ವಾ, ಅಪ್ಪ ಶಿಫ್ಟ್ ಬದಲಾಯಿಸ್ಕೊಂಡಾದ್ರೂ ಕರ್ಕೊಂಡು ಹೋಗೋರು. ತನಿ ಆವರ್ತನ, ಅಂದ್ರೆ ಮೃದಂಗದಂಥ ತಾಳವಾದ್ಯದವರಷ್ಟೇ ನುಡಿಸೋ ಭಾಗ, ಶುರುವಾದ್ರೆ ನನ್ನ ಕೈ ತಗೊಂಡು ತಮ್ಮ ತೊಡೆ ಮೇಲೆ ಆದಿತಾಳ ಹಾಕಿಸೋರು, ಒಂದು ತಟ್ಟು, ಮೂರು ಬೆರಳು, ಆಮೇಲೆ ತಟ್ಟಿ ತಿರುಗ್ಸು, ತಟ್ಟಿ ತಿರುಗ್ಸು, ಎಂಟಾಯ್ತು ನೋಡು ಅಂತ. ನನ್ನ ಮಗಳಿಗೂ ಹಾಗೇ ಕಲಿಸಿದ್ರು.

ಆಸ್ಪತ್ರೇಲಿ ರಾತ್ರಿ ಪಾಳಿಯ ಆ ಸಿಸ್ಟರ್‌ಗೆ ಮೊದಲ ಥ್ಯಾಂಕ್ಸ್. ಮೆಲ್ಲಗೆ ಇಟ್ಕೊಳ್ಳಿ ಪರವಾಗಿಲ್ಲ ಅಂತ ಫೋನಲ್ಲಿ ಹಾಡು ಹಾಕೋಕೆ ಬಿಟ್ರು. ಅಪ್ಪಂಗೆ ಮಾತಾಡೋಕೆ ಆಗ್ತಿರ್ಲಿಲ್ಲ, ಹಾಡು ಮುಗಿದ ತಕ್ಷಣ ತೋರುಬೆರಳು ಸುತ್ತಿಸೋರು, ಇನ್ನೊಂದ್ಸಲ ಹಾಕು ಅಂತ. ಪಕ್ಕದ ಬೆಡ್ಡಿನ ಅಜ್ಜೀನೂ ಅದನ್ನೇ ಕೇಳೋರು.

ಆ ಹದಿಮೂರು ದಿನ ಅನ್ನ ಸಾರು ತಂದ್ಕೊಟ್ಟ ಎದುರುಮನೆ ಆಂಟಿ, ನಿಮಗೆ ಏನು ಹೇಳಿದ್ರೂ ಕಮ್ಮೀನೇ. ಸಂಗೀತದ ಮಿಸ್‌ಗಂತೂ ನಾನು ಋಣಿ. ತಾತ ಹೋದ ಮೇಲೆ ಮಗಳು ಹಾಡೋದೇ ಇಲ್ಲ ಅಂತ ಕೂತ್ಬಿಟ್ಟಿದ್ಲು, ಮಿಸ್ ಒಂದು ದಿನಾನೂ ಬಲವಂತ ಮಾಡ್ಲಿಲ್ಲ, "ಸುಮ್ನೆ ತಾಳ ಹಾಕು ಪುಟ್ಟಾ, ಬೇರೆ ಮಕ್ಕಳು ಹಾಡ್ತಾರೆ" ಅಂತ ಪಕ್ಕದಲ್ಲಿ ಕೂರಿಸ್ಕೊಂಡ್ರು, ತಿಂಗಳುಗಟ್ಲೆ ಹಾಗೇ ನಡೀತು, ಆಮೇಲೆ ಒಂದಿನ ಅವಳೇ ಬಾಯಿ ಬಿಟ್ಲು. ಭಾನುವಾರ ಅವಳು ಹಾಡ್ತಾ ಎರಡನೇ ಚರಣಕ್ಕೆ ನಿಂತ್ಬಿಟ್ಟಾಗ ಕೆಳಗಡೆ ಮನೆ ಅಂಕಲ್ ಕೂತಲ್ಲಿಂದ್ಲೇ ಎತ್ಕೊಂಡ್ರಲ್ಲ, ಅವಳ ಮುಖ ನೋಡಿದ್ರಾ? ಅಂಕಲ್, ನೀವು ಹಾಡ್ತೀರಾ ಅಂತ ನಮಗೆ ಇಷ್ಟು ವರ್ಷ ಗೊತ್ತೇ ಇರ್ಲಿಲ್ಲ.

ಚಿಕ್ಕಪ್ಪನ ಮಗ ಅಪ್ಪನ ಕ್ಯಾಸೆಟ್ಟೆಲ್ಲ ಪೆನ್ ಡ್ರೈವ್‌ಗೆ ಹಾಕ್ಕೊಟ್ಟಿದಾನೆ. ಬೂಸ್ಟು ಒರೆಸಿ, ಒಳಗಿನ ಸ್ಪಾಂಜು ಬಿದ್ದೋಗಿರೋದಕ್ಕೆ ಬೇರೆ ಕ್ಯಾಸೆಟ್ಟಿನ ಚಿಪ್ಪು ಹಾಕಿ, ತೊಂಬತ್ತು ನಿಮಿಷದ ಕ್ಯಾಸೆಟ್ ಅಂದ್ರೆ ತೊಂಬತ್ತು ನಿಮಿಷಾನೂ ಓಡಿಸ್ಲೇಬೇಕು, ಆಫೀಸ್ ಮುಗಿಸಿ ಬಂದು ರಾತ್ರಿ ಎಲ್ಲ ಅದೇ ಕೆಲಸ ಮಾಡಿದಾನೆ. ದೇವರು ನಿನ್ನ ಚೆನ್ನಾಗಿಟ್ಟಿರ್ಲಿ ಕಣೋ. ಮನೆಯಲ್ಲಿ ಮಕ್ಕಳಿರೋರು ಯಾರಿಗಾದ್ರೂ ಆ ಹಾಡು ಬೇಕಿದ್ರೆ ಪೆನ್ ಡ್ರೈವ್ ತಗೊಂಡು ಬನ್ನಿ, ಹಾಕ್ಕೊಡ್ತೀನಿ.

ಹಾಂ, ಅವತ್ತು ಕೋಸಂಬರಿ, ಪುಳಿಯೋಗರೆ ತಂದಿದ್ದ ಸ್ಟೀಲ್ ಡಬ್ಬಗಳು ತೊಳೆದು ಇಟ್ಟಿದೀನಿ, ಯಾರ್ಯಾರದ್ದು ಅಂತ ಗೊತ್ತಾಗ್ತಿಲ್ಲ, ಬಂದಾಗ ತಗೊಂಡ್ಹೋಗಿ. ಬರೋ ರಾಮನವಮಿಗೆ ಪಾನಕ ನಮ್ಮನೇಲಿ, ಮಕ್ಕಳನ್ನೂ ಕರ್ಕೊಂಡು ಬನ್ನಿ, ಅಲ್ಲಿಂದ ಎಲ್ಲರೂ ಒಟ್ಟಿಗೆ ಕಚೇರಿಗೆ ಹೋಗೋಣ.