ನಗಿಸಲು ಹೊರಟ ಮಗಳಿಗೆ

ಕಲಬುರಗಿ
ಭಾನುವಾರ ರಾತ್ರಿ

ನನ್ನವ್ವಾ,

ನಿನ್ನೆ ಬೆಳಿಗ್ಗೆ ನೀನು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಹೋದ ಮೇಲೆ ಮನೆಯಲ್ಲಿ ಯಾರೂ ಸರಿಯಾಗಿ ಮಾತಾಡಿಲ್ಲ. ನಿಮ್ಮವ್ವ ಬುತ್ತಿಯ ವಿಷಯ ಬಿಟ್ಟು ಬೇರೆ ಎತ್ತುತ್ತಿಲ್ಲ. ಶೇಂಗಾ ಹಿಂಡಿಯ ಡಬ್ಬಿ ಕಟ್ಟೆಯ ಮೇಲೇ ಉಳಿದಿದೆ, ಮುಂಬೈಯಲ್ಲಿ ಹುಡುಗಿ ಏನು ತಿಂತಾಳೋ ಅಂತ. ಆಸ್ಪತ್ರೆಯ ಮಕ್ಕಳನ್ನು ಜೋಕರ್ ವೇಷದಲ್ಲಿ ನಗಿಸುವ ನಿನ್ನ ಹೊಸ ಕೆಲಸಕ್ಕಾಗಿ ಹಿಂದಿನ ರಾತ್ರಿ ನಡೆದ ಜಗಳದ ಬಗ್ಗೆ ಒಂದು ಮಾತೂ ಇಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಲು ಹೋದರೆ ನೀನು "ಹೂಂ ಅಪ್ಪಾ, ಹೂಂ ಅಪ್ಪಾ" ಅಂದು ಮುಗಿಸಿಬಿಡುತ್ತೀಯ.

ನಿಮ್ಮ ಕಾಕಾ ಆಡಿದ ಮಾತು ನನಗೂ ಚುಚ್ಚಿತು. "ಅಣ್ಣಾ, ನರ್ಸಿಂಗ್ ಓದಿಸಿದ್ದು ಇದಕ್ಕೇನು? ಹೆಣ್ಣುಮಗಳು ಮೂಗಿಗಿ ಕೆಂಪು ಉಂಡಿ ಕಟ್ಟಿಕೊಂಡು ಮಂದಿಗಿ ನಗಸ್ಲಾಕ ಹೋಗ್ತಾಳಂದ್ರ ನಾಳಿ ಯಾರ್ ಮನಿಗಿ ಕೊಡ್ತಿ? ಇದು ಬಹುರೂಪಿಗಳ ಕೆಲಸ" ಅಂದ. ನಿನ್ನ ಕಣ್ಣು ತುಂಬಿದ್ದು ನೋಡಿದೆ. ನಮ್ಮ ಮನೆಯಲ್ಲಿ, ಉಣ್ಣುವಾಗ ನಿನಗೆ ಆ ಮಾತು ಬಿತ್ತು. ಮನೆಯ ಹಿರಿಯನಾಗಿ ಅದಕ್ಕೆ ನಾನು ಕ್ಷಮೆ ಕೇಳುತ್ತೇನೆ. ಅವನು ಸಿಟ್ಟಿನಲ್ಲಿದ್ದಾಗ ಉತ್ತರ ಕೊಟ್ಟರೆ ಒಂದಕ್ಕೆ ಎರಡಾಗುತ್ತದೆ. ಇವತ್ತು ಮಧ್ಯಾಹ್ನ ಅಂಗಡಿಗೆ ಕರೆಸಿಕೊಂಡು ಹೇಳಿದೆ. ಏನು ಹೇಳಿದೆ ಅಂತ ನಿನಗೂ ಗೊತ್ತಿರಲಿ.

ಬಸವಕಲ್ಯಾಣ ಇಲ್ಲಿಂದ ಸುಮಾರು 80 ಕಿಲೋಮೀಟರ್. 12ನೇ ಶತಮಾನದಲ್ಲಿ ಅಲ್ಲಿ ಸೇರಿದ್ದ ಶರಣರಲ್ಲಿ ಬಟ್ಟೆ ಒಗೆಯುವ ಮಾಚಯ್ಯನವರಿದ್ದರು, ದೋಣಿ ನಡೆಸುವ ಚೌಡಯ್ಯನವರಿದ್ದರು. ನಮ್ಮ ಹೊಲಿಗೆ ಕಸುಬಿನವರೂ ಒಬ್ಬರಿದ್ದರು, ಸೂಜಿಕಾಯಕದ ರಾಮಿತಂದೆ. ಅವರ ಸಾಲಿನಲ್ಲೇ ನಗೆಯ ಮಾರಿತಂದೆ ಅಂತ ಇನ್ನೊಬ್ಬರು. ಜನರನ್ನು ನಗಿಸುವುದೇ ಅವರ ಕಾಯಕ. ನಗಿಸಿ ಬಂದದ್ದರಲ್ಲಿ ಬದುಕಿದರು, ವಚನ ಬರೆದರು. 'ಆತುರವೈರಿ ಮಾರೇಶ್ವರ' ಅನ್ನೋದು ಅವರ ಅಂಕಿತ. ನಗಿಸುವ ಕೆಲಸ ಕೀಳು ಅಂತ ಕಲ್ಯಾಣದವರಿಗೆ ಅನಿಸಿದ್ದರೆ ಆ ಹೆಸರು ನಮ್ಮ ಕಾಲದವರೆಗೆ ಬರುತ್ತಿತ್ತಾ? ಇನ್ನು ಬಹುರೂಪಿ ಅಂತ ನಿಮ್ಮ ಕಾಕಾ ಬೈದನಲ್ಲ, ಬಹುರೂಪಿ ಚೌಡಯ್ಯನವರೂ ಶರಣರೇ. ವೇಷ ಕಟ್ಟಿ ಆಡುತ್ತಿದ್ದವರು. ನನ್ನ ಸೂಜಿಗೆ ರಾಮಿತಂದೆಯ ಆಸರೆ ಇದ್ದರೆ ನನ್ನ ಮಗಳ ಕೆಲಸಕ್ಕೆ ಮಾರಿತಂದೆಯ ಆಸರೆ ಇದೆ ಅಂದೆ. ಅವನು ಚಹಾ ಕುಡಿದು ಎದ್ದು ಹೋದ. ಒಪ್ಪಿದನೋ ಇಲ್ಲವೋ ಗೊತ್ತಿಲ್ಲ. ಒಪ್ಪದಿದ್ದರೂ ನಡೆಯುತ್ತದೆ.

ನೀನು ಹೊರಟಿರುವುದು ಮಕ್ಕಳ ವಾರ್ಡಿಗೆ. ಅದು ಅವನಿಗೆ ಇನ್ನೂ ಅರ್ಥವಾಗಿಲ್ಲ. ಸರ್ಕಸ್ಸಿನ ಜೋಕರ್ ಅಂದುಕೊಂಡಿದ್ದಾನೆ. ಸರ್ಕಸ್ಸಿನವರನ್ನೂ ನಾನು ಕಡಿಮೆ ಅನ್ನುವುದಿಲ್ಲ. ಅಲ್ಲಿ ಜೋಕರ್ ಸುಮ್ನೆ ಬರುವುದಿಲ್ಲ. ಮೇಲೆ ಉಯ್ಯಾಲೆ ಆಟಕ್ಕೆ ಬಲೆ ಕಟ್ಟಬೇಕು, ಅಷ್ಟು ಹೊತ್ತು ಜನರ ಕಣ್ಣು ಬೇರೆ ಕಡೆ ಇರಬೇಕು. ಆ ಹೊತ್ತನ್ನು ತುಂಬುವವನು ಅವನು. ಶರಣಬಸವೇಶ್ವರ ಜಾತ್ರೆಗೆ ನಾಟಕ ಕಂಪನಿಗಳು ಕ್ಯಾಂಪ್ ಹಾಕುತ್ತಿದ್ದಾಗ ಅವರ ಬಟ್ಟೆ ರಿಪೇರಿಗೆ ನಾನೇ ಹೋಗುತ್ತಿದ್ದೆ. ಪರದೆಯ ಹಿಂದೆ ನಿಂತು ನೋಡಿದ್ದೇನೆ. ಮುಂದಿನ ಪರದೆ ಬಿಟ್ಟು ಅದರ ಎದುರು ಹಾಸ್ಯದವರು ಇಬ್ಬರು ಮಾತಿಗೆ ಮಾತು ಕೊಡುತ್ತಿದ್ದರು. ಹಿಂದೆ ಅರಮನೆ ಹೋಗಿ ಕಾಡು ಬರುತ್ತಿತ್ತು. ಸೆಟ್ ತಯಾರಾಗದಿದ್ದರೆ ಒಳಗಿಂದ ಕೈಸನ್ನೆ, ಇನ್ನೂ ಎಳೆಯಿರಿ ಅಂತ. ಅವರು ಎಳೆಯುತ್ತಿದ್ದರು. ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ನಾಯಕನ ಮಾತು ತಪ್ಪಿದರೆ ಹೇಳಿಕೊಡಲು ಒಬ್ಬನಿರುತ್ತಾನೆ. ಹಾಸ್ಯದವನಿಗೆ ಹೇಳಿಕೊಡುವವರು ಯಾರೂ ಇರುವುದಿಲ್ಲ. ಆ ಸಲದ ಜನ, ಆ ಸಲದ ಊರು ನೋಡಿ ಅಲ್ಲೇ ಹುಟ್ಟಿಸಬೇಕು.

ಹಳೆಯ ಸಂಸ್ಕೃತ ನಾಟಕದ ವಿದೂಷಕನ ಬಗ್ಗೆ ನೀನೇ ನನಗೆ ಓದಿ ಹೇಳಿದ್ದೆ. ಬ್ರಾಹ್ಮಣನಾಗಿದ್ದರೂ ಅವನಿಗೆ ಸಂಸ್ಕೃತ ಕೊಡುವುದಿಲ್ಲ, ಹೆಂಗಸರಂತೆ, ಆಳುಗಳಂತೆ ಪ್ರಾಕೃತ ಆಡುತ್ತಾನೆ ಅಂತ. ಮೃಚ್ಛಕಟಿಕದಲ್ಲಿ ಚಾರುದತ್ತ ಬಡವನಾದ ಮೇಲೂ ವಿದೂಷಕ ಮೈತ್ರೇಯ ಅವನನ್ನು ಬಿಡುವುದಿಲ್ಲ ಅಂತ. ಅದು ನನಗೆ ತುಂಬಾ ಹಿಡಿಸಿತು. ನಗಿಸುವವನು ಕೊನೆಯವರೆಗೂ ಜೊತೆಗಿರುವ ಗೆಳೆಯ.

ಈಗ ನನ್ನ ಮನಸ್ಸಿನಲ್ಲಿರುವುದು ಬರೆಯುತ್ತೇನೆ. ಇದನ್ನು ನಿನಗೆ ಯಾವತ್ತೂ ಹೇಳಿಲ್ಲ.

ನಾನು ಹುಡುಗನಿದ್ದಾಗ ಸೇಡಂ ಕಡೆಯ ನಮ್ಮ ಹಳ್ಳಿಯಲ್ಲಿ ಸುಗ್ಗಿ ಮುಗಿದ ಮೇಲೆ ಬಯಲಾಟ ಆಡುತ್ತಿದ್ದರು. ಅಗಸಿ ಮುಂದಿನ ಬಯಲಿನಲ್ಲಿ ಪರಸಿಕಲ್ಲು ಪೇರಿಸಿ, ಮೇಲೆ ಹಲಗೆ ಹಾಸಿ ಅಟ್ಟ ಕಟ್ಟುತ್ತಿದ್ದರು. ಪೆಟ್ರೋಮ್ಯಾಕ್ಸ್ ಬೆಳಕು. ರಾಜ ಬರುತ್ತಿದ್ದ, ಕಿರೀಟ, ಭುಜಕೀರ್ತಿ ಎಲ್ಲ ಹಾಕಿಕೊಂಡು. ಬಂದ ಕೂಡಲೇ ಸಾರಥಿ, ಅಂದರೆ ಬಯಲಾಟದ ಹಾಸ್ಯದವನು, ಅವನನ್ನು ತಡೆದು ಕೇಳಬೇಕು. ನೀನು ಯಾರು, ನಿನ್ನ ಊರು ಯಾವುದು, ಇಲ್ಲಿಗೆ ಏಕೆ ಬಂದೆ? ಎಷ್ಟೇ ದೊಡ್ಡ ರಾಜನಾದರೂ ಸಾರಥಿಗೆ ತನ್ನ ಹೆಸರು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಸಾರಥಿ ಅದನ್ನೇ ತಿರುಚಿ ಕೇಳಿ ನಗಿಸುತ್ತಿದ್ದ. ಗೌಡರ ಎದುರು ಗೌಡರನ್ನೇ ಆಡಿಕೊಳ್ಳುತ್ತಿದ್ದ, ಗೌಡರೂ ನಗುತ್ತಿದ್ದರು. ಹಗಲಲ್ಲಿ ಆ ಮನುಷ್ಯ ಬೇರೆಯವರ ಹೊಲದಲ್ಲಿ ಕೂಲಿ ಮಾಡುತ್ತಿದ್ದ.

ಒಂದು ರಾತ್ರಿ ಅವನು ರಾಜನ ಸುತ್ತ ಕುಣಿಯುತ್ತಾ ಇದ್ದ. ಬೇಕಂತಲೇ ಎಡವಿ ಬೀಳುವುದು, ಎದ್ದು ಹಲಗೆಗೆ ಬೈಯುವುದು, ಅದೇ ಅವನ ಆಟ. ಒಮ್ಮೆ ಬಿದ್ದವನು ಚೀರಿದ. ಪಾದ ಹಿಡಿದುಕೊಂಡು "ಚೇಳು, ಚೇಳು ಕಡೀತು" ಅಂದ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅವನು ಮತ್ತೆ ಕೂಗಿದ. ಸೀಟಿ ಹೊಡೆದರು. "ಮತ್ತೊಮ್ಮೆ, ಮತ್ತೊಮ್ಮೆ" ಅಂದರು. ರಾಜನ ವೇಷದವನೂ ನಗುತ್ತಿದ್ದ, ಭಾಗವತ ಪದ ಮುಂದುವರಿಸಿದ. ನಾನು ಮುಂದಿನ ಸಾಲಿನಲ್ಲಿ ಕೂತಿದ್ದೆ. ಅವನ ಮುಖ ನನಗೆ ಇಷ್ಟು ಹತ್ತಿರದಲ್ಲಿತ್ತು. ಬಣ್ಣ ಹಚ್ಚಿದ ಮುಖ, ಬೆವರಿಗೆ ಬಣ್ಣ ಇಳಿಯುತ್ತಿತ್ತು. ಅವನು ಒಬ್ಬೊಬ್ಬರ ಕಡೆ ತಿರುಗಿ ಹೇಳುತ್ತಿದ್ದ, "ಖರೇನೇ ಕಡದದ, ಖರೇನೇ." ಆ ಮಾತಿಗೆ ನಗು ಇನ್ನೂ ಜಾಸ್ತಿಯಾಯಿತು.

ಮದ್ದಳೆ ಬಾರಿಸುವ ಮುದುಕ ಮಾತ್ರ ಕೈ ನಿಲ್ಲಿಸಿದ. ಆಮೇಲೆ ಹಿರಿಯರು ಕೇಳಿದಾಗ ಅವನು ಹೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ. ಸಾರಥಿ ಎಷ್ಟು ಸಲ ಬಿದ್ದರೂ ತಾಳಕ್ಕೆ ಸರಿಯಾಗಿ ಬೀಳುತ್ತಾನೆ, ಈ ಸಲ ತಾಳ ತಪ್ಪಿ ಬಿದ್ದ, ಅದಕ್ಕೇ ಗೊತ್ತಾಯಿತು ಅಂದ. ಹಲಗೆ ಎತ್ತಿ ನೋಡಿದರೆ ಪರಸಿಕಲ್ಲಿನ ಸಂದಿಯಲ್ಲಿ ಚೇಳಿತ್ತು. ಅವನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಸೇಡಂಗೆ ಹೋದರು. ಬದುಕಿದ. ಮರುವರ್ಷ ಮತ್ತೆ ಸಾರಥಿಯಾದ. ಆದರೆ ಆ ಮದ್ದಳೆಯವನು ಆ ರಾತ್ರಿ ಊರಿಗೆ ಹೋಗಿದ್ದಿದ್ದರೆ? ಹೊಸಬ ಯಾರಾದರೂ ಬಾರಿಸುತ್ತಿದ್ದರೆ? ಜನರಿಗೆ ಅವನ ಮುಖ ಕಾಣುತ್ತಿತ್ತು, ಮಾತು ಕೇಳುತ್ತಿತ್ತು. ಎಲ್ಲ ಕಂಡೂ ಕೇಳಿಯೂ ಯಾರೂ ನಂಬಲಿಲ್ಲ. ನಗಿಸುವವನ ನೋವೂ ನಗಿಸಲಿಕ್ಕೇ ಅಂದುಕೊಂಡರು.

ನೀನು ಮೊದಲ ಸಲ ಈ ಕೆಲಸದ ಮಾತೆತ್ತಿದಾಗ ನನಗೆ ನೆನಪಾಗಿದ್ದು ಅದೇ. ಸಂಬಳದ ಚಿಂತೆ ಆಮೇಲೆ ಬಂತು, ಮದುವೆಯ ಚಿಂತೆ ಅದಕ್ಕೂ ಆಮೇಲೆ. ನಿನಗೆ ಖರೇನೇ ನೋವಾದ ದಿನ ನಂಬುವವರು ಯಾರು? ದಿನವೂ ಕಾಯಿಲೆ ಮಕ್ಕಳ ನಡುವೆ ಇರುತ್ತೀಯ. ಇವತ್ತು ನಗಿಸಿದ ಮಗುವಿನ ಮಂಚ ನಾಳೆ ಖಾಲಿ ಇರಬಹುದು. ನರ್ಸ್ ಆಗಿದ್ದಾಗ ಅತ್ತರೆ ಜೊತೆಯವರು ಚಹಾ ತಂದು ಕೊಡುತ್ತಾರೆ. ಜೋಕರ್ ವೇಷದಲ್ಲಿ ಅತ್ತರೆ ಏನಾಗುತ್ತದೆ? ಆ ಚೀರಿದ ಮುಖ, ಸುತ್ತ ನಗು. ನಿನ್ನನ್ನು ಅಲ್ಲಿ ನಿಲ್ಲಿಸಿ ನೋಡಲು ನನ್ನಿಂದ ಆಗುವುದಿಲ್ಲ.

ಅದಕ್ಕೆ ಒಂದು ಕೇಳಿಕೊಳ್ಳುತ್ತೇನೆ. ಆಸ್ಪತ್ರೆಗೆ ಇಬ್ಬಿಬ್ಬರಾಗಿ ಹೋಗುತ್ತೀರಿ ಅಂದೆಯಲ್ಲ, ಅದು ಕೇಳಿ ಸಮಾಧಾನವಾಯಿತು. ತೊಗಲುಗೊಂಬೆ ಆಟದಲ್ಲೂ ನಗಿಸುವ ಗೊಂಬೆ ಕಿಳ್ಳೇಕ್ಯಾತ ಒಬ್ಬನೇ ಬರುವುದಿಲ್ಲ, ಜೊತೆಗೆ ಬಂಗಾರಕ್ಕ ಇರುತ್ತಾಳೆ. ನಿನ್ನ ಜೊತೆಯವಳ ಹತ್ತಿರ ಮೊದಲೇ ಒಂದು ಮಾತು ಗೊತ್ತು ಮಾಡಿಕೋ. ಆಟದಲ್ಲಿ ಎಂದೂ ಬಳಸದ ಮಾತು. ಅದು ನಿನ್ನ ಬಾಯಿಂದ ಬಂದರೆ ಅವಳು ಆಟ ನಿಲ್ಲಿಸಿ ನಿನ್ನನ್ನು ಹೊರಗೆ ಕರೆದುಕೊಂಡು ಹೋಗಬೇಕು. ಅವಳ ಮಾತಿಗೆ ನೀನೂ ಹಾಗೇ ಮಾಡಬೇಕು. ಇದು ತಮಾಷೆ ಅಲ್ಲ ಅವ್ವಾ. ಮೊದಲ ದಿನವೇ ಮಾಡು.

ಉಳಿದದ್ದು ನಿನಗೆ ಗೊತ್ತಿದೆ, ಆದರೂ ಹೇಳುತ್ತೇನೆ. ಬಾಗಿಲಲ್ಲಿ ನಿಂತು ಒಳಗೆ ಬರಲಾ ಅಂತ ಕೇಳು. ಮಗು ಬೇಡ ಅಂದರೆ ನಗುತ್ತಲೇ ಹಿಂದೆ ಹೋಗು. ಸೂಜಿಗೆ, ಔಷಧಿಗೆ ಬೇಡ ಅನ್ನಲು ಅದಕ್ಕೆ ಆಗುವುದಿಲ್ಲ, ನಿನಗಾದರೂ ಬೇಡ ಅನ್ನಲಿ. ಮುಖಕ್ಕೆ ಬಣ್ಣ ಜಾಸ್ತಿ ಹಚ್ಚಬೇಡ. ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು 2008ರಲ್ಲಿ ಸುಮಾರು 250 ಮಕ್ಕಳನ್ನು ಕೇಳಿದಾಗ ಆಸ್ಪತ್ರೆ ಗೋಡೆಯ ಮೇಲಿನ ಜೋಕರ್ ಚಿತ್ರ ಅವರಿಗೆ ಹಿಡಿಸಲಿಲ್ಲ, ದೊಡ್ಡ ಮಕ್ಕಳಿಗೂ ಹೆದರಿಕೆ ಅಂತ ನೀನೇ ಹೇಳಿದ್ದೆ. 1986ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯಲ್ಲಿ ಈ ಕೆಲಸ ಶುರು ಮಾಡಿದ ಮೈಕೆಲ್ ಕ್ರಿಸ್ಟೆನ್ಸನ್ ಡಾಕ್ಟರರ ಬಿಳಿ ಕೋಟು ಹಾಕಿಕೊಂಡು ಡಾಕ್ಟರರನ್ನೇ ಅಣಕಿಸಿದರಂತೆ. ಅದು ನಮ್ಮ ಸಾರಥಿಯ ದಾರಿ. ಮೇಲಿರುವವರನ್ನು ಆಡಿಕೋ. ಮಲಗಿದವರನ್ನು, ಕಸ ಹೊಡೆಯುವವರನ್ನು, ಮಗುವಿನ ಪಕ್ಕ ಕೂತ ಹಳ್ಳಿ ತಾಯಿಯ ಮಾತನ್ನು ಎಂದೂ ಆಡಿಕೊಳ್ಳಬೇಡ.

ಮೈ ನೋಡಿಕೋ. ಲಂಡನ್ನಿನ ಜೋಸೆಫ್ ಗ್ರಿಮಾಲ್ಡಿ ಎಷ್ಟು ದೊಡ್ಡ ಹೆಸರು ಅಂದರೆ ಜೋಕರ್‌ಗಳಿಗೆ 'ಜೋಯಿ' ಅಂತಲೇ ಹೆಸರಾಯಿತು. ಬಿದ್ದು ಬಿದ್ದು ಮೈ ಮುರಿದು, 1828ರ ಕೊನೆಯ ಆಟದಲ್ಲಿ ನಿಲ್ಲಲಾಗದೆ ಕುರ್ಚಿಯ ಮೇಲೆ ಕೂತು ಆಡಿದರು. ಆಗ ಅವರಿಗೆ 50 ಕೂಡ ಆಗಿರಲಿಲ್ಲ. ಬೀಳುವುದನ್ನು ಸರಿಯಾಗಿ ಕಲಿ. ಊಟ ಬಿಡಬೇಡ. ನರ್ಸಿಂಗ್ ನೋಂದಣಿ ನವೀಕರಿಸುತ್ತಿರು, ಅದು ಕೈಯಲ್ಲಿರಲಿ. ನೋಡು, ಉಪದೇಶ ಬೇಡ ಅಂದುಕೊಂಡೇ ಕೂತಿದ್ದೆ.

ನಿನ್ನ ವೇಷದ ಪ್ಯಾಂಟಿನ ಬಗ್ಗೆ ಒಂದು ಮಾತು. ಸೊಂಟ 28 ಇದ್ದರೆ 44ಕ್ಕೆ ಕತ್ತರಿಸು ಅಂದೆ. ಜೀವನವೆಲ್ಲ ಅಳತೆಗೆ ಸರಿಯಾಗಿ ಹೊಲಿದ ಕೈಗೆ ಅದು ಕಷ್ಟವಾಯಿತು. ಬೇಕಂತಲೇ ತಪ್ಪು ಹೊಲಿಯುವುದೆಂದರೆ ಎಲ್ಲಿ ತಪ್ಪಬೇಕು, ಎಲ್ಲಿ ತಪ್ಪಬಾರದು ಅಂತ ಗೊತ್ತಿರಬೇಕು. ಒಳಗೆ ಅಸ್ತರದಲ್ಲಿ 28ರದೇ ಇನ್ನೊಂದು ಪಟ್ಟಿ ಕೊಟ್ಟಿದ್ದೇನೆ, ಎರಡು ಗುಂಡಿ, ಕೈಕಾಜಾ. ಹೊರಗಿನಿಂದ ಈಗ ಬೀಳುತ್ತದೆ ಅನ್ನುವ ಹಾಗೆ ಕಾಣುತ್ತದೆ. ಬೀಳುವುದಿಲ್ಲ. ಒಳಗಿನ ಗುಂಡಿ ಹಾಕದೆ ಹೊರಡಬೇಡ. ತೊಟ್ಟು ನೀನು ಕನ್ನಡಿ ಮುಂದೆ ನಡೆದು ತೋರಿಸಿದಾಗ ನಿಮ್ಮವ್ವ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳಲ್ಲ, ಅವಳು ಹಾಗೆ ನಕ್ಕದ್ದು ನೋಡಿ ಎಷ್ಟೋ ಕಾಲವಾಗಿತ್ತು. ಅವತ್ತೇ ನನಗೆ ಗೊತ್ತಾಯಿತು, ನಿನಗೆ ಇದು ಬರುತ್ತದೆ. ಹೆಮ್ಮೆ ಆಯಿತು ಅವ್ವಾ. ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ.

ಹಿಂಡಿ ಮತ್ತು ಖಡಕ್ ರೊಟ್ಟಿ ಪಾರ್ಸಲ್ ಮಾಡುತ್ತಿದ್ದೇವೆ. ನಿನ್ನ ಜೊತೆ ಯಾರನ್ನು ಹಾಕಿದ್ದಾರೆ ಅಂತ ಗೊತ್ತಾದ ಕೂಡಲೇ ತಿಳಿಸು. ಅವಳಿಗೂ ಒಂದು ಪ್ಯಾಂಟು ಹೊಲಿದು ಕಳಿಸುತ್ತೇನೆ. ಸೊಂಟ, ಸೀಟು, ಉದ್ದ, ಮೂರೂ ಇಂಚಿನಲ್ಲಿ ಬರೆ. ಟೇಪನ್ನು ಬಿಗಿಯಾಗಿ ಎಳೆಯಬೇಡ.

ನಿನ್ನ ಅಪ್ಪ