ಒಂದು ಹಲ್ಲಿಗೆ ಎರಡೂ ದವಡೆಯ ಸ್ಕ್ಯಾನ್ ಏಕೆ?

ಮಾನ್ಯ ಸಂಪಾದಕರೇ,

ರೂಟ್ ಕೆನಾಲ್ ಆದ ಹಲ್ಲು ಮತ್ತೆ ನೋಯತೊಡಗಿದರೆ ‘3ಡಿ ಸ್ಕ್ಯಾನ್ ಮಾಡಿಸಿಕೊಂಡು ಬನ್ನಿ’ ಎಂದು ಚೀಟಿ ಕೊಡುವುದು ಕಲಬುರಗಿಯಲ್ಲೂ ಈಗ ಮಾಮೂಲಾಗಿದೆ. ಸ್ಕ್ಯಾನ್ ಬೇಡ ಎಂಬುದು ನಮ್ಮ ಮಾತಲ್ಲ. ಆದರೆ ಚೀಟಿಯಲ್ಲಿ ‘ಸಿಬಿಸಿಟಿ’ (ಈ 3ಡಿ ಸ್ಕ್ಯಾನಿನ ಹೆಸರು) ಎಂದಷ್ಟೇ ಬರೆದಿದ್ದರೆ ಎರಡೂ ದವಡೆಗಳ ಚಿತ್ರ ತೆಗೆದು ಕಳಿಸುತ್ತಾರೆ, ನೋಡಬೇಕಾದ, ಹಲ್ಲಿನ ಬೇರಿನೊಳಗಿನ ನಾಳವೇ ಅದರಲ್ಲಿ ಮಸುಕಾಗಿರುತ್ತದೆ. ಸೇಡಂ, ಸುರಪುರದಿಂದ ಬಸ್ಸು ಹಿಡಿದು ಬಂದವರು ಇನ್ನೊಮ್ಮೆ ಬರಬೇಕಾಗುತ್ತದೆ.

ಸಾದಾ ಎಕ್ಸ್‌ರೇ ಎಂದರೆ ನೆರಳು. ಒಂದರ ಹಿಂದೆ ಒಂದಿರುವ ಎರಡು ನಾಳಗಳು ಅದರಲ್ಲಿ ಒಂದೇ ಗೆರೆಯಾಗಿ ಬೀಳುತ್ತವೆ. ಮೇಲಿನ ಮೊದಲ ದವಡೆಹಲ್ಲನ್ನೇ ತೆಗೆದುಕೊಳ್ಳಿ. ಅದರ ಕೆನ್ನೆ ಕಡೆಯ ಮುಂದಿನ ಬೇರಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಎರಡನೇ ನಾಳವಿರುತ್ತದೆ. ಮೊದಲನೆಯದರಿಂದ ಅಂಗುಳಿನ ಕಡೆಗೆ ಸುಮಾರು 2 ಮಿ.ಮೀ. ದೂರದಲ್ಲಿ, ಡೆಂಟಿನ್‌ನ (ಹಲ್ಲಿನ ಒಳಪದರದ) ಅಂಚಿನಡಿ ಅದರ ಬಾಯಿ ಮುಚ್ಚಿಹೋಗಿರುತ್ತದೆ. ಅದನ್ನು ತೊಳೆಯದೆ ಬಿಟ್ಟರೆ ಉಳಿದ ಮೂರು ನಾಳ ಎಷ್ಟೇ ಚೆನ್ನಾಗಿ ತುಂಬಿದ್ದರೂ ಬೇರಿನ ತುದಿಯಲ್ಲಿ ಕೀವು ಕಟ್ಟಬಹುದು. 3ಡಿ ಚಿತ್ರದಲ್ಲಿ ಬೇರನ್ನು ಅಡ್ಡಡ್ಡ ಕೊಯ್ದಂತೆ ಪದರ ಪದರವಾಗಿ ನೋಡಬಹುದು. ನಾಳಕ್ಕೆ ತುಂಬಿದ ವಸ್ತು ಬಿಳಿ ಚುಕ್ಕೆಯಾಗಿ ಕಾಣುತ್ತದೆ. ಆ ಚುಕ್ಕೆ ಬೇರಿನ ನಟ್ಟನಡುವೆ ಇರದೆ ಒಂದು ಬದಿಗೆ ವಾಲಿದ್ದರೆ, ಇನ್ನೊಂದು ಬದಿಯಲ್ಲಿ ನಾಳವೊಂದು ಉಳಿದಿದೆಯೇ ಎಂದು ಹುಡುಕಲೇಬೇಕು. ಎಲೆ-ಅಡಿಕೆ, ಗುಟ್ಕಾ ಅಗಿದಗಿದು ಸವೆದ ಹಲ್ಲುಗಳಲ್ಲಿ ನಾಳ ಕಿರಿದಾಗಿ ಕೆಳಕ್ಕೆ ಸರಿದಿರುತ್ತದೆ. ಎಷ್ಟು ಆಳದಲ್ಲಿ ಸಿಗುತ್ತದೆ ಎಂದು ಮೊದಲೇ ಅಳೆದುಕೊಳ್ಳದೆ ಕೊರೆದರೆ ಬೇರಿನ ಗೋಡೆಗೇ ತೂತು ಬೀಳುವ ಭಯ.

ಇದಕ್ಕೆ 4×4 ಅಥವಾ 5×5 ಸೆಂ.ಮೀ. ವ್ಯಾಪ್ತಿ ಸಾಕು. ವಾಕ್ಸೆಲ್ (3ಡಿ ಚಿತ್ರದ ಅತಿ ಚಿಕ್ಕ ಘನ ಚುಕ್ಕಿ; ಚಿಕ್ಕದಾದಷ್ಟೂ ಚಿತ್ರ ಸೂಕ್ಷ್ಮ) ಮಾತ್ರ 0.075ರಿಂದ 0.125 ಮಿ.ಮೀ. ಒಳಗಿರಬೇಕು. ಎರಡೂ ದವಡೆ ತೆಗೆದಾಗ ಅದು ಸಾಮಾನ್ಯವಾಗಿ 0.2ರಿಂದ 0.4 ಆಗುತ್ತದೆ. ಇಂಪ್ಲಾಂಟ್ (ದವಡೆ ಮೂಳೆಗೆ ಕೂರಿಸುವ ಕೃತಕ ಬೇರು) ಲೆಕ್ಕಾಚಾರಕ್ಕೆ ಅದು ನಡೆದೀತು, ಕೂದಲೆಳೆಯಂಥ ನಾಳಕ್ಕೆ ನಡೆಯದು. ವಿಕಿರಣವೂ ವ್ಯಾಪ್ತಿ ಹಿಗ್ಗಿದಂತೆ ಹೆಚ್ಚುತ್ತದೆ. ಹಾಗಾಗಿ ಚೀಟಿಯಲ್ಲಿ ಹಲ್ಲಿನ ಸಂಖ್ಯೆ (ಉದಾ: 26, ಅಂದರೆ ಮೇಲಿನ ಎಡಬದಿಯ ಮೊದಲ ದವಡೆಹಲ್ಲು), ವ್ಯಾಪ್ತಿ, ವಾಕ್ಸೆಲ್, ಏನನ್ನು ಹುಡುಕಬೇಕು ಎಂಬ ನಾಲ್ಕೂ ಇರಲಿ. ಸಾದಾ ಎಕ್ಸ್‌ರೇಯಲ್ಲಿ ಎಲ್ಲ ಸ್ಪಷ್ಟವಾಗಿರುವ ಒಂಟಿ ಬೇರಿನ ಮುಂದಿನ ಹಲ್ಲಿಗೆ ಸ್ಕ್ಯಾನ್ ಬರೆಯುವುದು ಸುಮ್ಮನೆ ಖರ್ಚು.

ತೆಗೆಯುವಾಗಲೂ ಎಡವಟ್ಟುಗಳಾಗುತ್ತವೆ. ಯಂತ್ರ ತಲೆಯ ಸುತ್ತ ತಿರುಗುವ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ಉಗುಳು ನುಂಗಿದರೂ ಅಂಚುಗಳು ಜೋಡಿ ಜೋಡಿಯಾಗಿ ಮೂಡುತ್ತವೆ. ಮೂಗುಬಟ್ಟು, ಬೆಂಡೋಲೆ, ತೆಗೆದಿಡಬಹುದಾದ ಹಲ್ಲಿನ ಸೆಟ್ಟು ಎಲ್ಲವನ್ನೂ ಮೊದಲೇ ತೆಗೆಸಬೇಕು. ಎದುರು ಹಲ್ಲಿಗೆ ಲೋಹದ ಕ್ಯಾಪ್ ಇದ್ದರೆ ನಡುವೆ ಹತ್ತಿಯ ಉಂಡೆ ಕಚ್ಚಿಸಿ ಹಲ್ಲುಗಳನ್ನು ಬಿಡಿಸಿಟ್ಟರೆ ಲೋಹದಿಂದ ಚಿತ್ರದಲ್ಲಿ ಮೂಡುವ ಗೆರೆಗಳು ನಮಗೆ ಬೇಕಾದ ಹಲ್ಲಿನ ಮೇಲೆ ಅಷ್ಟಾಗಿ ಹಾಯುವುದಿಲ್ಲ. ಬೇರಿನೊಳಗಿನ ಗಟಾಪರ್ಚಾ (ನಾಳಕ್ಕೆ ತುಂಬುವ ರಬ್ಬರಿನಂಥ ವಸ್ತು), ಲೋಹದ ಪೋಸ್ಟ್ (ಹಲ್ಲಿಗೆ ಆಸರೆಯಾಗಿ ಬೇರಿನಲ್ಲಿ ಕೂರಿಸುವ ಕಡ್ಡಿ) ಸುತ್ತಲೂ ಇಂಥ ಕಪ್ಪು ಗೆರೆಗಳು ಏಳುತ್ತವೆ. ಅದನ್ನೇ ಬಿರುಕು ಎಂದುಕೊಂಡು ಹಲ್ಲು ಕಿತ್ತರೆ ಮರಳಿ ಕೂರಿಸಲಾಗದು. ಆ ಬೇರಿನುದ್ದಕ್ಕೂ ಮೂಳೆ ಕರಗಿದೆಯೇ, ಒಸಡಿನಲ್ಲಿ ಒಂದೇ ಕಡೆ ಪ್ರೋಬ್ (ಒಸಡಿನ ಆಳ ಅಳೆಯುವ ಕಡ್ಡಿ) ಆಳಕ್ಕೆ ಇಳಿಯುತ್ತದೆಯೇ ಎಂದು ನೋಡದೆ ‘ಬಿರುಕು’ ಎಂಬ ತೀರ್ಮಾನ ಬರೆಯಬಾರದು.

ಇನ್ನು ಫಿಲ್ಮಿನ ವಿಚಾರ. ಹಲವರ ಕೈಗೆ ಸಿಗುವುದು ಎ-4 ಹಾಳೆಯಲ್ಲಿ ಅಚ್ಚಾದ ಹತ್ತಾರು ತುಣುಕು ಚಿತ್ರಗಳು ಮಾತ್ರ. ತಪ್ಪಿಹೋದ ನಾಳ ಎರಡು ತುಣುಕುಗಳ ಮಧ್ಯೆ ಉಳಿದುಬಿಡಬಹುದು. ಚಿಕಿತ್ಸೆ ಮಾಡುವವರು ಕಂಪ್ಯೂಟರಿನಲ್ಲಿ ಪದರಗಳನ್ನು ತಾವೇ ಮೇಲೆ-ಕೆಳಗೆ ಸರಿಸಿ ನೋಡಬೇಕು. ಅದಕ್ಕೆ ಡೈಕಾಮ್ ಕಡತ (ಸ್ಕ್ಯಾನಿನ ಎಲ್ಲ ಪದರಗಳಿರುವ ಮೂಲ ಡಿಜಿಟಲ್ ಕಡತ) ಬೇಕು. ರೋಗಿಗಳು ಸಿ.ಡಿ. ಅಥವಾ ಪೆನ್‌ಡ್ರೈವ್‌ನಲ್ಲಿ ಅದನ್ನು ಕೇಳಿ ಪಡೆಯಲಿ, ಜತೆಗೆ ಲಿಖಿತ ವರದಿಯನ್ನೂ.

ಖಾಸಗಿ ವೈದ್ಯಕೀಯ ಸಂಸ್ಥೆಗಳು ದರಪಟ್ಟಿ ಪ್ರದರ್ಶಿಸಬೇಕೆಂಬ ನಿಯಮ ರಾಜ್ಯದಲ್ಲಿ ಇದ್ದೇ ಇದೆ. ಕಲಬುರಗಿ, ಬೀದರ್, ಯಾದಗಿರಿಯ ಸ್ಕ್ಯಾನಿಂಗ್ ಕೇಂದ್ರಗಳು ಒಂದು ಹಲ್ಲಿಗೆ ಎಷ್ಟು, ಒಂದು ದವಡೆಗೆ ಎಷ್ಟು, ಎರಡಕ್ಕೆ ಎಷ್ಟು ಎಂದು ಬೇರೆ ಬೇರೆಯಾಗಿ ಬರೆದು ಹಾಕುವಂತೆ ಆಯಾ ಜಿಲ್ಲಾ ಆರೋಗ್ಯಾಧಿಕಾರಿಗಳು ನೋಡಿಕೊಳ್ಳಬೇಕು.

– ಕೆಲವು ದಂತವೈದ್ಯರು, ಕಲಬುರಗಿ